ಕೋಚ್ ಸರ್ ಇಲ್ಲದೆ ಆಡುವ ಅಭ್ಯಾಸ

ಚಪ್ಪಾಳೆ ತಟ್ಟುವುದನ್ನು ಕಲಿಯಲು ನಾನು ಅರ್ಧ ಮಳೆಗಾಲ ಒದ್ದಾಡಿದೆ ಎಂದರೆ ನಮ್ಮ ಮನೆಯಲ್ಲೇ ಯಾರೂ ನಂಬಲಿಲ್ಲ. "ಅಮ್ಮಾ, ಬಿ.ಪಿ.ಎಡ್. ಮಾಡಿದೀಯ, ಚಪ್ಪಾಳೆ ಬರಲ್ವಾ ನಿಂಗೆ?" ಎಂದು ಮಗಳು ನಕ್ಕಳು. ಕುಕ್ಕರ್ ಮುಂದೆ ನಿಂತು ಎರಡೂ ಅಂಗೈ ಬೊಗಸೆ ಮಾಡಿ ತಟ್ಟಿ ತಟ್ಟಿ ನೋಡುತ್ತಿದ್ದವಳನ್ನು ಕಂಡರೆ ಯಾರಿಗಾದರೂ ನಗು ಬರಬೇಕಾದದ್ದೇ. ಆದರೆ ಆ ಚಪ್ಪಾಳೆ ನನಗೆ ಬರದೆ ಹೋದರೆ ನಮ್ಮ ಶಾಲೆಯ ಹುಡುಗಿಯರ ಖೋ-ಖೋ ತಂಡ ಆ ವರ್ಷ ತಾಲ್ಲೂಕು ಮಟ್ಟದಲ್ಲೇ ಮನೆಗೆ ಬರುತ್ತದೆ ಎಂದು ನನಗೆ ಹೆದರಿಕೆಯಾಗಿತ್ತು.

ನಾನು ಯಲಹಂಕದ ಹಳೆ ಊರಿನ ಕಡೆ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಹುಟ್ಟಿದ್ದು ಗದಗ ಕಡೆ, ಮದುವೆಯಾಗಿ ಬಂದದ್ದು ಟಿ. ದಾಸರಹಳ್ಳಿಗೆ. ಕಾಲೇಜಿನಲ್ಲಿ ನನ್ನ ಆಟ ಉದ್ದ ಜಿಗಿತ. ಅದರಲ್ಲಿ ಒಬ್ಬಳೇ ಓಡಿ, ಒಬ್ಬಳೇ ಹಾರಿ, ಮರಳಲ್ಲಿ ಬಿದ್ದು, ಬಟ್ಟೆ ಝಾಡಿಸಿಕೊಂಡು ಎದ್ದರೆ ಮುಗಿಯಿತು. ಖೋ-ಖೋ ನನಗೆ ಗೊತ್ತಿದ್ದದ್ದು ಪಠ್ಯಪುಸ್ತಕದಲ್ಲಿ ಇದ್ದಷ್ಟು: ಅಂಗಳದ ಅಳತೆ, ಕಂಬದ ಎತ್ತರ, ಫೌಲ್‌ಗಳ ವಿವರ. ಪರೀಕ್ಷೆಗೆ ಸಾಕಾಗುವಷ್ಟು.

ತಂಡವನ್ನು ನಿಜವಾಗಿ ತಯಾರು ಮಾಡುತ್ತಿದ್ದವರು ಕೋಚ್ ಸರ್. ಅವರು ಶಾಲೆಯ ಸಿಬ್ಬಂದಿಯಲ್ಲ. ಹುಣಸಮಾರನಹಳ್ಳಿಯ ಹಳೆಯ ಮನೆತನದವರು. ಪೀಣ್ಯದ ಒಂದು ಕಾರ್ಖಾನೆಯ ತಂಡಕ್ಕೆ ಆಡುತ್ತ ಅಲ್ಲೇ ಕೆಲಸ ಮಾಡಿ ನಿವೃತ್ತರಾದವರು. ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ಅವರ ಮೊಪೆಡ್ ಬಂದು ನಿಲ್ಲುತ್ತಿತ್ತು. ಮಕ್ಕಳು ನಮ್ಮದೇ ಆವರಣದ ಪ್ರಾಥಮಿಕ ಶಾಲೆಯ ಐದನೇ ತರಗತಿಯಲ್ಲಿ ಇರುವಾಗಲೇ ಕಾಲು ನೋಡಿ ಆರಿಸುತ್ತಿದ್ದರು. ಆರಿಸಿದ ಮೇಲೆ ಆ ಹುಡುಗಿ ಹತ್ತನೇ ತರಗತಿ ಮುಗಿಸುವ ತನಕ ಅವರ ಜವಾಬ್ದಾರಿ. ಜ್ವರ ಬಂದರೂ ಮೊದಲು ಅವರಿಗೆ ಗೊತ್ತಾಗಬೇಕು.

ಅವರ ಕಲಿಸುವ ರೀತಿಯೇ ಬೇರೆ. ಖೋ-ಖೋದಲ್ಲಿ ಓಡುವ ಸರದಿ ಬಂದಾಗ ಮೂರು ಮೂರು ಜನ ಅಂಗಳಕ್ಕೆ ಇಳಿಯುತ್ತಾರೆ. ತಮ್ಮ ತಮ್ಮ ಚೌಕದಲ್ಲಿ, ಅಂದರೆ 'ಮನೆ'ಯಲ್ಲಿ, ಕೂತ ಎಂಟು ಜನರ ನಡುವೆ ಹೆಣಿಗೆ ಹಾಕಿದ ಹಾಗೆ ಒಳಗೆ ಹೊರಗೆ ಓಡುವುದು ಚೈನ್. ಕಂಬದ ಹತ್ತಿರ ಒಂದೇ ಕಡೆ ಸುತ್ತು ಹೊಡೆಯುತ್ತ ಬೆನ್ನಟ್ಟುವವಳನ್ನು ದಣಿಸುವುದು ರಿಂಗ್. ಯಾವ ಗಳಿಗೆಯಲ್ಲಿ ಚೈನ್ ಬಿಟ್ಟು ರಿಂಗ್ ಹಿಡಿಯಬೇಕು ಎನ್ನುವುದರಲ್ಲೇ ಆಟದ ಪ್ರಾಣ ಇದೆ. ಓಡುವವಳಿಗೆ ತನ್ನ ಬೆನ್ನ ಹಿಂದೆ ಯಾರು ಎದ್ದರು ಎಂದು ಕಾಣುವುದಿಲ್ಲವಲ್ಲ, ಅದನ್ನು ಕೋಚ್ ಸರ್ ಅಂಚಿನಲ್ಲಿ ನಿಂತು ಚಪ್ಪಾಳೆಯಲ್ಲಿ ಹೇಳುತ್ತಿದ್ದರು. ಒಂದು ತಟ್ಟಿದರೆ ಚೈನಿನಲ್ಲೇ ಇರು, ಎರಡು ತಟ್ಟಿದರೆ ರಿಂಗ್‌ಗೆ ತಿರುಗು. ಬೊಗಸೆಯೊಳಗಿಂದ ಬರುವ ಆ ಟೊಳ್ಳು ಸದ್ದು ಎಷ್ಟು ಗಲಾಟೆಯಲ್ಲೂ ಹುಡುಗಿಯರ ಕಿವಿಗೆ ಬೀಳುತ್ತಿತ್ತು. ಬೇರೆ ಶಾಲೆಯವರು ಎಷ್ಟು ಚಪ್ಪಾಳೆ ತಟ್ಟಿದರೂ ಇವರು ಮೋಸಹೋಗುತ್ತಿರಲಿಲ್ಲ.

ಆ ವರ್ಷ ಕ್ರೀಡಾಕೂಟಗಳಿಗೆ ಮುಂಚೆ ದೈಹಿಕ ಶಿಕ್ಷಕರ ಸಭೆ ಕರೆದರು. ಅಧಿಕಾರಿಗಳು ಹೊಸ ನಿಯಮ ಓದಿದರು. ಆಟದ ಅಂಗಳದ ಪಕ್ಕ ಕೋಚ್ ಕೂರುವ ಜಾಗದಲ್ಲಿ ಇನ್ನು ಮೇಲೆ ದೈಹಿಕ ಶಿಕ್ಷಣದ ಪದವಿ ಅಥವಾ ಮಾನ್ಯತೆ ಪಡೆದ ತರಬೇತಿ ಪ್ರಮಾಣಪತ್ರ ಇದ್ದವರು ಮಾತ್ರ ಇರಬೇಕು. ಕೊರಳಲ್ಲಿ ಫೋಟೋ ಇರುವ ಗುರುತಿನ ಚೀಟಿ. ಹೆಣ್ಣುಮಕ್ಕಳ ತಂಡದ ಜೊತೆ ಶಿಕ್ಷಕಿ ಕಡ್ಡಾಯ. ಹೊರಗಿನಿಂದ ಯಾರಾದರೂ ಆಟಗಾರರಿಗೆ ಸೂಚನೆ ಕೊಟ್ಟರೆ ಮೊದಲು ಎಚ್ಚರಿಕೆ, ಮತ್ತೆ ಮಾಡಿದರೆ ತಂಡವೇ ಹೊರಕ್ಕೆ.

ನಿಯಮ ಕೆಟ್ಟದ್ದು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಎಲ್ಲೋ ಒಂದು ಕಡೆ ಕೋಚ್ ಎಂದು ಹೇಳಿಕೊಂಡು ಬಂದವನೊಬ್ಬ ಹೆಣ್ಣುಮಕ್ಕಳ ಜೊತೆ ಕೆಟ್ಟದಾಗಿ ನಡೆದುಕೊಂಡಿದ್ದನಂತೆ. ಅವನು ಯಾರು, ಏನು ಓದಿದ್ದ, ಯಾರು ಒಳಗೆ ಬಿಟ್ಟರು ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರ ಇರಲಿಲ್ಲವಂತೆ. ನನಗೂ ಮಗಳಿದ್ದಾಳೆ. ಸಭೆಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿ 'ಇದು ಬೇಕಾಗಿತ್ತು ಸರ್' ಎಂದವಳು ನಾನೇ. ಬಸ್ಸಿನಲ್ಲಿ ವಾಪಸ್ ಬರುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ನಿಂತಾಗ ಕೋಚ್ ಸರ್ ನೆನಪಾದರು. ಅವರ ಹತ್ತಿರ ಪದವಿಯೂ ಇಲ್ಲ, ತರಬೇತಿ ಪ್ರಮಾಣಪತ್ರವೂ ಇಲ್ಲ.

ಮುಖ್ಯೋಪಾಧ್ಯಾಯಿನಿಯವರು ಇದನ್ನು ದೊಡ್ಡದು ಮಾಡಲಿಲ್ಲ. "ಅದಕ್ಯಾಕೆ ಇಷ್ಟು ಟೆನ್ಷನ್ ಮೇಡಂ? ನಿಮ್ ಹತ್ರ ಬಿ.ಪಿ.ಎಡ್. ಇದೆ, ನೀವು ಹೋಗಿ ಕೂತ್ಕೊಳಿ. ಅವ್ರು ಇಲ್ಲಿ ಪ್ರಾಕ್ಟೀಸ್ ಮಾಡಿಸ್ಲಿ."

"ಮೇಡಂ, ನನಗ ಆಟಾನೇ ಸರಿಯಾಗಿ ಗೊತ್ತಿಲ್ರಿ."

"ಸರ್ಟಿಫಿಕೇಟ್ ಇದ್ಯಲ್ಲ" ಎಂದರು ಅವರು, ಮುಗಿಯಿತು ಎನ್ನುವಂತೆ.

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ. ಆ ಗಾದೆ ಕೇಳಿದಾಗಲೆಲ್ಲ ನಗುತ್ತಿದ್ದೆ, ಆ ದಿನ ನಗು ಬರಲಿಲ್ಲ. ಕೋಚ್ ಸರ್‌ಗೆ ಹೇಗೆ ಹೇಳುವುದು ಎಂದು ಸಂಜೆಯ ತನಕ ತಲೆ ಕೆಡಿಸಿಕೊಂಡೆ. ಹೇಳಿದಾಗ ಅವರು ನೆಟ್ಟಗೆ ಕೇಳಿದ್ದು ಒಂದೇ ಮಾತು.

"ಆ ಸರ್ಟಿಫಿಕೇಟು ನಾನ್ ತಗೊಳ್ಳೋಕೆ ಆಗಲ್ವಾ ಮೇಡಂ? ಎಲ್ಲಿ ಕೊಡ್ತಾರೆ? ಓಗಾಣ."

ಯಶವಂತಪುರದಲ್ಲಿ ತರಬೇತುದಾರರ ಕೋರ್ಸಿಗೆ ಅರ್ಜಿ ತೆಗೆದುಕೊಳ್ಳುವ ಒಂದು ಕಚೇರಿ ಇತ್ತು. ಇಬ್ಬರೂ ಹೋದೆವು. ಅವರು ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಬಂದಿದ್ದರು. ಯಾವಾಗಲೂ ಟ್ರ್ಯಾಕ್ ಪ್ಯಾಂಟಿನಲ್ಲಿ ನೋಡಿದ ಮನುಷ್ಯ ಒಮ್ಮೆಲೇ ಹೆಣ್ಣಿನ ಕಡೆಯವರ ಮನೆಗೆ ಮಾತುಕತೆಗೆ ಹೊರಟವರ ಹಾಗೆ ಕಾಣುತ್ತಿದ್ದರು. ಅಲ್ಲಿದ್ದ ಗುಮಾಸ್ತರು ಒಳ್ಳೆಯವರೇ. ಕೂರಿಸಿ, ನೀರು ಕೊಟ್ಟು, ನಿಧಾನವಾಗಿ ಕೇಳಿದರು. ಪದವಿ ಇದೆಯೇ? ಇಲ್ಲ, ಪಿ.ಯು.ಸಿ.ಯಲ್ಲಿ ಫೇಲು. ರಾಷ್ಟ್ರ ಮಟ್ಟದಲ್ಲಿ ಆಡಿದ್ದರೆ ಪದವಿಗೆ ವಿನಾಯಿತಿ ಉಂಟು, ಆಡಿದ್ದೀರಾ? ಆಡಿದ್ದರು. ಪ್ಲಾಸ್ಟಿಕ್ ಕವರಿನಿಂದ ಲ್ಯಾಮಿನೇಟ್ ಮಾಡಿದ ಪ್ರಮಾಣಪತ್ರ ತೆಗೆದು ಮೇಜಿನ ಮೇಲಿಟ್ಟರು. ಗುಮಾಸ್ತರು ಅದರ ಮೇಲಿನ ಮೊಹರನ್ನೇ ನೋಡುತ್ತ ಕೂತರು. ಆ ಕಾಲದಲ್ಲಿ ಕ್ರೀಡಾ ಸಂಘ ಎರಡು ಹೋಳಾಗಿತ್ತಂತೆ. ಇವರು ಆಡಿದ್ದ ಪಂದ್ಯ ನಡೆಸಿದ ಬಣಕ್ಕೆ ಆಮೇಲೆ ಮಾನ್ಯತೆ ಸಿಗಲಿಲ್ಲ.

"ಆಡಿದ್ದು ಸುಳ್ಳಲ್ಲ ಸರ್, ನಂಗೆ ಗೊತ್ತಾಗುತ್ತೆ. ಆದ್ರೆ ಈ ಸಂಸ್ಥೆದು ಲಿಸ್ಟಲ್ಲಿ ಇಲ್ಲ. ಮತ್ತೆ ವಯಸ್ಸೂ ದಾಟಿದೆ."

"ಪರೀಕ್ಷೆ ಇಡಿ ಸಾಮಿ, ಬರೀತೀನಿ. ಗ್ರೌಂಡಿಗೆ ಇಳ್ಸಿ, ಆಡ್ಸಿ ತೋರಿಸ್ತೀನಿ" ಎಂದರು ಕೋಚ್ ಸರ್.

"ಪರೀಕ್ಷೆಗೆ ಕೂರೋಕೇ ಅರ್ಹತೆ ಬೇಕು ಸರ್. ನಾನೇನ್ ಮಾಡ್ಲಿ ಹೇಳಿ."

ಅವರು ಪ್ರಮಾಣಪತ್ರವನ್ನು ಅಂಗಿಯ ತುದಿಯಿಂದ ಒರೆಸಿ ಒಳಗಿಟ್ಟುಕೊಂಡರು. ಹೊರಗೆ ಬಂದು ಮಾರ್ಕೆಟ್ ರಸ್ತೆಯ ದರ್ಶಿನಿಯೊಂದರಲ್ಲಿ ಕಾಫಿ ಕುಡಿದೆವು. ನನಗೆ ಬಂದ ಸಿಟ್ಟಿಗೆ ಲೋಟವನ್ನು ಕುಕ್ಕಿಬಿಟ್ಟೆ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಹೇಳಲು ಯಾರೂ ಇರಲಿಲ್ಲ. ಗುಮಾಸ್ತರೂ ಸರಿ, ನಿಯಮವೂ ಸರಿ, ಅದನ್ನು ಬೆಂಬಲಿಸಿದ ನಾನೂ ಸರಿ. ಎಲ್ಲರೂ ಸರಿ ಇದ್ದು ಒಬ್ಬ ಮನುಷ್ಯನಿಗೆ ಮಾತ್ರ ನಿಲ್ಲಲು ಜಾಗವಿಲ್ಲ.

"ಓಗ್ಲಿ ಬಿಡಿ ಮೇಡಂ. ನಿಮ್ಗೆ ಚಪ್ಪಾಳೆ ಏಳ್ಕೊಡ್ತೀನಿ" ಎಂದರು.

ಹಾಗೆ ಶುರುವಾದದ್ದು ನನ್ನ ಚಪ್ಪಾಳೆ ಪಾಠ. ದಿನಾ ಸಂಜೆ ಅವರ ಪಕ್ಕ ನಿಂತು, ಅವರು ತಟ್ಟಿದ ತಕ್ಷಣ ನಾನೂ ತಟ್ಟಬೇಕು. ನನ್ನದು ಚಟ್ ಎನ್ನುತ್ತಿತ್ತು, ಸೊಳ್ಳೆ ಹೊಡೆದ ಹಾಗೆ. ಕೂತ ಹುಡುಗಿಯರು ಬಾಯಿ ಮುಚ್ಚಿಕೊಂಡು ನಗುವುದು ಕಾಣುತ್ತಿತ್ತು.

"ಅಂಗಲ್ಲ ಮೇಡಂ. ಕೈಯೊಳಗೆ ಗಾಳಿ ನಿಲ್ಬೇಕು. ದಿನಾ ರೊಟ್ಟಿ ತಟ್ಟೋರು ನೀವು, ನಿಮ್ಗೆ ಬರ್ಬೇಕಪ್ಪ."

"ರೊಟ್ಟಿ ಬಡಿಯೂದು ಬ್ಯಾರೆ, ಇದು ಬ್ಯಾರೆ ಬಿಡ್ರಿ ಸರ್."

ಸದ್ದು ಒಂದಷ್ಟು ಕೂಡಿಬಂತು. ಕೂಡಿಬರದೇ ಇದ್ದದ್ದು ಕಣ್ಣು. ಯಾರು ಏಳುತ್ತಾರೆ ಎಂದು ಅವರಿಗೆ ಏಳುವ ಮುಂಚೆಯೇ ಗೊತ್ತಾಗುತ್ತಿತ್ತು. ನನಗೆ ಎದ್ದು, ಓಡಿ, ನಮ್ಮ ಹುಡುಗಿ ಔಟಾದ ಮೇಲೆ ಗೊತ್ತಾಗುತ್ತಿತ್ತು.

ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಅದು ಬಯಲಾಯಿತು. ನಾನು ಕೊರಳಲ್ಲಿ ಚೀಟಿ ಹಾಕಿಕೊಂಡು ಕೋಚ್ ಕುರ್ಚಿಯಲ್ಲಿ ಕೂತಿದ್ದೆ. ಕೋಚ್ ಸರ್ ಎದುರುಗಡೆ ಮೆಟ್ಟಿಲ ಮೇಲೆ ಜನರ ಮಧ್ಯೆ. ಮೊದಲ ಬ್ಯಾಚ್ ಇಳಿಯಿತು. ನಾನು ಎರಡು ತಟ್ಟಿದೆ, ತಡವಾಗಿ. ಒಬ್ಬಳು ಔಟ್. ಗಾಬರಿಯಲ್ಲಿ ಒಂದು ತಟ್ಟಿದೆ, ಇನ್ನೊಬ್ಬಳು ನೇರ ಬೆನ್ನಟ್ಟುವವಳ ಕೈಗೇ ಹೋದಳು. ಆಮೇಲೆ ಇಳಿದವರು ನನ್ನ ಕಡೆ ನೋಡುವುದನ್ನೇ ಬಿಟ್ಟು ಓಡುತ್ತ ಓಡುತ್ತ ಮೆಟ್ಟಿಲ ಕಡೆ ಕತ್ತು ತಿರುಗಿಸತೊಡಗಿದರು. ಖೋ-ಖೋದಲ್ಲಿ ಕತ್ತು ತಿರುಗಿಸಿದ ಹುಡುಗಿ ಉಳಿಯುವುದಿಲ್ಲ. ಕ್ಯಾಪ್ಟನ್ ಹುಡುಗಿ ಹಾಗೆ ತಿರುಗಿದಾಗ ಕೋಚ್ ಸರ್‌ಗೆ ತಡೆದುಕೊಳ್ಳಲಾಗಲಿಲ್ಲ. ಮೆಟ್ಟಿಲಿಂದ ಆ ಟೊಳ್ಳು ಸದ್ದು ಎರಡು ಸಲ ಬಂತು. ಅವಳು ರಿಂಗ್‌ಗೆ ತಿರುಗಿ ಉಳಿದುಕೊಂಡಳು.

ಅಂಪೈರ್ ಸೀಟಿ ಊದಿ ಆಟ ನಿಲ್ಲಿಸಿದರು. ನೇರ ನನ್ನ ಹತ್ತಿರ ಬಂದು, "ಮೇಡಂ, ಆ ಮೇಲ್ಗಡೆ ಇರೋರು ನಿಮ್ಮೋರಾ? ಇದೊಂದ್ಸಲ ವಾರ್ನಿಂಗ್. ಮುಂದಿನ ಮ್ಯಾಚಲ್ಲಿ ಹೀಗಾದ್ರೆ ಟೀಮ್ ಔಟ್" ಎಂದು ಬರೆದುಕೊಂಡರು. ಪಂದ್ಯವನ್ನು ಹೇಗೋ ಗೆದ್ದೆವು, ಒಂದೇ ಅಂಕದಲ್ಲಿ. ಯಾರೂ ಸಂತೋಷಪಡಲಿಲ್ಲ. ಬಸ್ಸಿನಲ್ಲಿ ಒಬ್ಬ ಹುಡುಗಿಯೂ ಹಾಡಲಿಲ್ಲ.

ಮುಂದಿನದು ಜಿಲ್ಲಾ ಮಟ್ಟ. ಅದು ಗೆದ್ದರೆ ವಿಭಾಗಕ್ಕೆ. ವಿಭಾಗ ಮಟ್ಟಕ್ಕೆ ಕ್ರೀಡಾ ಹಾಸ್ಟೆಲ್ಲಿಗೆ ಆರಿಸುವವರು ಬರುತ್ತಾರೆ. ತಂಡದಲ್ಲಿ ಅರ್ಧ ಜನ ಹತ್ತನೇ ತರಗತಿಯವರು. ಅವರಿಗೆ ಇದೇ ಕೊನೆಯ ಬಾಗಿಲು. ಮಧ್ಯೆ ಉಳಿದದ್ದು ಕೆಲವೇ ವಾರ. ನಾನು ಮುಖ್ಯೋಪಾಧ್ಯಾಯಿನಿಯವರ ಹತ್ತಿರ ಹೋಗಿ ಬೇರೆ ಶಾಲೆಯಿಂದ ಪ್ರಮಾಣಪತ್ರವಿರುವ ಖೋ-ಖೋ ಕೋಚ್ ಒಬ್ಬರನ್ನು ಕರೆಸೋಣ ಎಂದು ಕೇಳುವ ಯೋಚನೆಯಲ್ಲಿದ್ದೆ. ಕೋಚ್ ಸರ್ ಮುಂದೆ ಅದನ್ನು ಬಾಯಿಬಿಡುವ ಧೈರ್ಯ ಬಂದಿರಲಿಲ್ಲ.

ಪಂದ್ಯದ ಮರುದಿನ ಅಭ್ಯಾಸದ ಮಧ್ಯೆ ವಾಯುನೆಲೆಯ ಕಡೆಯಿಂದ ವಿಮಾನಗಳು ಎದ್ದವು. ಯಲಹಂಕದಲ್ಲಿ ಅದು ಮಾಮೂಲಿ; ಅವು ತಲೆಯ ಮೇಲೆ ಹೋಗುವಾಗ ಪಾಠ ಮಾಡುವವರೂ ಬಾಯಿ ಮುಚ್ಚಿ ಕಾಯುತ್ತಾರೆ. ಸಾಮಾನ್ಯವಾಗಿ ಕೋಚ್ ಸರ್ ಆಟ ನಿಲ್ಲಿಸುತ್ತಿದ್ದರು. ಆ ದಿನ ನಿಲ್ಲಿಸಲಿಲ್ಲ. ಸದ್ದಿನಲ್ಲಿ ಅವರ ಚಪ್ಪಾಳೆ ನನಗೇ ಕೇಳಿಸಲಿಲ್ಲ, ಪಕ್ಕದಲ್ಲೇ ಇದ್ದೆ. ಅಂಗಳದಲ್ಲಿ ಮೂವರು ಓಡುತ್ತಲೇ ಇದ್ದರು. ಒಬ್ಬಳು ಇನ್ನೊಬ್ಬಳಿಗೆ ಕೈ ಬೀಸಿ ಏನೋ ಕಿರುಚಿದಳು, ಅವಳು ಸರಕ್ಕನೆ ರಿಂಗ್‌ಗೆ ತಿರುಗಿದಳು. ವಿಮಾನಗಳು ದೂರವಾದವು. ಚಪ್ಪಾಳೆ ಮತ್ತೆ ಕೇಳಿಸಿತು. ಕೇಳಿಸಿದ ತಕ್ಷಣ ಮೂವರೂ ಅವರ ಕಡೆ ತಿರುಗಿದರು, ಒಬ್ಬಳು ಔಟಾದಳು.

ಕೋಚ್ ಸರ್ ಕೈ ಇಳಿಸಿದರು.

"ನೋಡಿದ್ರಾ ಮೇಡಂ? ನನ್ ಸದ್ದು ಇಲ್ದಾಗ ಆಡಿದ್ರು. ಸದ್ದು ಬಂದ್ಮೇಲೆ ಕೆಟ್ರು."

"ಏನೋ ಒಂದ್ಸಲ ಆತು ಸರ್."

"ಇಲ್ಲ. ಅವ್ರಿಗೆ ಬರುತ್ತೆ. ನಾನಿರೋದ್ರಿಂದ ಬರಲ್ಲ ಅನ್ಕೊಂಡವ್ರೆ." ಎರಡೂ ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿ ಹೇಳಿದರು: "ಚಪ್ಪಾಳೆ ಸಾಕು. ನಿಮ್ಗೂ ಬೇಡ, ನಂಗೂ ಬೇಡ. ಇನ್ಮೇಲೆ ನಾನಿಲ್ದೆ ಆಡೋದನ್ನ ಏಳ್ಕೊಡ್ತೀನಿ."

ಅವರು ಹಾಕಿಕೊಂಡ ಕ್ರಮ ಹೀಗಿತ್ತು. ಓಡುವ ಮೂವರಲ್ಲಿ ಒಂದು ಗಳಿಗೆಗೆ ಒಬ್ಬಳನ್ನು ಮಾತ್ರ ಬೆನ್ನಟ್ಟುತ್ತಿರುತ್ತಾರೆ. ಉಳಿದ ಇಬ್ಬರು ಖಾಲಿ. ಆ ಇಬ್ಬರ ಕಣ್ಣು ಬೆನ್ನಟ್ಟಿಸಿಕೊಳ್ಳುವವಳ ಹಿಂದೆ ಇರಬೇಕು. ಕೂತವಳು ಎದ್ದ ತಕ್ಷಣ 'ಎದ್ಲು' ಎಂದು ಕೂಗಬೇಕು, ದಿಕ್ಕು ತಿರುಗಬೇಕಾದರೆ 'ಕಂಬ' ಎನ್ನಬೇಕು. ಎರಡೇ ಮಾತು. ಹೊರಗೆ ಸರದಿಗೆ ಕಾಯುವವರು ಬಾಯಿ ಬಿಡುವಂತಿಲ್ಲ, ಇಲ್ಲದಿದ್ದರೆ ಗೊಂದಲ. ಬೆನ್ನಟ್ಟುವ ಸರದಿಯಲ್ಲೂ ಹಾಗೆಯೇ, ಎದುರುಬದುರು ಮುಖ ಮಾಡಿ ಕೂತವರು ತಮಗೆ ಕಾಣುವ ಕಡೆಯನ್ನು ಪಕ್ಕದವಳಿಗೆ ಹೇಳಬೇಕು. ಇಷ್ಟನ್ನು ಅವರು ಅಂಗಳದೊಳಗೆ ನಿಂತು ಹೇಳಿಕೊಟ್ಟರು. ಆಮೇಲೆ ಹೊರಗೆ ಬಂದು ಕುರ್ಚಿ ಎಳೆದುಕೊಂಡು ಕೂತರು, ಕೈ ಕಟ್ಟಿಕೊಂಡು.

ಆ ಕುರ್ಚಿ ದಿನೇ ದಿನೇ ಹಿಂದಕ್ಕೆ ಹೋಯಿತು. ಮೊದಲು ಕಂಬದ ಹಿಂದೆ, ಆಮೇಲೆ ನೀರಿನ ನಲ್ಲಿಯ ಹತ್ತಿರ, ಆಮೇಲೆ ಪ್ರಾರ್ಥನೆಯ ಕಟ್ಟೆಯ ಮೇಲೆ, ಆಮೇಲೆ ಗೇಟಿನ ಪಕ್ಕ. ಹುಡುಗಿಯರಿಗೆ ಒಂದೇ ಕಟ್ಟಪ್ಪಣೆ: ಆಡುವಾಗ ಸರ್ ಕಡೆ ನೋಡಿದವಳು ಆ ದಿನ ಮತ್ತೆ ಇಳಿಯುವಂತಿಲ್ಲ. ಮೊದಲ ದಿನಗಳಲ್ಲಿ ಇಳಿಯಲು ಜನವೇ ಉಳಿಯುತ್ತಿರಲಿಲ್ಲ.

ಅಂಗಳದ ಅಂಚಿನಲ್ಲಿ ಈಗ ನಾನೊಬ್ಬಳೇ. ನೋಡುವುದು ನನ್ನ ಕೆಲಸ, ಆಟ ಮುಗಿದ ಮೇಲೆ ಹೋಗಿ ಅವರಿಗೆ ವರದಿ ಒಪ್ಪಿಸುವುದು. ಮೊದಲ ಸಲ ಹೋಗಿ, "ಚಲೋ ಆಡಿದ್ರು ಸರ್" ಎಂದೆ.

"ಚೆನ್ನಾಗಿ ಅಂದ್ರೆ ಏನ್ ಮೇಡಂ, ಊಟಾನಾ? ಎರಡನೇ ಬ್ಯಾಚು ಎಲ್ಲಿ ಮುರೀತು? ಯಾವ್ ಮನೇಲಿ ಕೂತಿದ್ದೋಳು ಎದ್ಲು? ಆಗ ಮಿಕ್ಕಿದ್ದ ಇಬ್ರು ಏನ್ ನೋಡ್ತಿದ್ರು?"

ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಮರುದಿನ ಸ್ವಲ್ಪ ಗೊತ್ತಾಯಿತು. ಬರಬರುತ್ತ ಅವರು ಕೇಳುವ ಮುಂಚೆಯೇ ಹೇಳುವಷ್ಟಾದೆ. ಹುಡುಗಿಯರಿಗೆ ಕಲಿಸುತ್ತಿದ್ದಾರೆ ಎಂದುಕೊಂಡಿದ್ದೆ, ನನ್ನನ್ನೂ ಸೇರಿಸಿಯೇ ಕಲಿಸುತ್ತಿದ್ದರು.

ನನಗೆ ಸರಿಬೀಳದೇ ಇದ್ದದ್ದು ಅವರ ಮುಖ. ನಗುವುದನ್ನು ನಿಲ್ಲಿಸಿಬಿಟ್ಟರು. ಮೊದಲೆಲ್ಲ ಹುಡುಗಿಯರನ್ನು 'ಏನವ್ವಾ' ಎಂದೇ ಮಾತಾಡಿಸುತ್ತಿದ್ದವರು ಈಗ ಬಂದರೆ ಬಂದರು, ಹೋದರೆ ಹೋದರು. ಒಂದು ಸಂಜೆ ಕ್ಯಾಪ್ಟನ್ ಹುಡುಗಿ ಕಂಬ ಹಿಡಿದು ಹಾರಿ ಮುಟ್ಟುವ ಪೋಲ್ ಡೈವ್ ಹೊಡೆಯಲು ಹೋಗಿ ಮೊಣಕಾಲು ತರಚಿಕೊಂಡಳು. ಐದನೇ ತರಗತಿಯಿಂದ ಬಿದ್ದಾಗಲೆಲ್ಲ ಅವಳು ಓಡುತ್ತಿದ್ದದ್ದು ಅವರ ಹತ್ತಿರವೇ. ಅವರ ಕರವಸ್ತ್ರ ಅವಳ ಮೊಣಕಾಲಿಗೆ ಎಷ್ಟು ಸಲ ಸುತ್ತಿದೆಯೋ. ಆ ದಿನವೂ ಕುಂಟುತ್ತ ಗೇಟಿನ ಕಡೆ ಹೊರಟಳು. ಅವರು ಕುರ್ಚಿಯಿಂದ ಅರ್ಧ ಎದ್ದದ್ದನ್ನು ನಾನು ಕಣ್ಣಾರೆ ಕಂಡೆ. ಮತ್ತೆ ಕೂತರು.

"ನನ್ ಅತ್ರ ಏನಿದೆ? ಮಿಸ್ ಅತ್ರ ಓಗು!" ಎಂದು ಅಲ್ಲಿಂದಲೇ ಗದರಿದರು.

ಹುಡುಗಿ ನಿಂತಲ್ಲೇ ನಿಂತಳು. ಆಮೇಲೆ ನನ್ನ ಹತ್ತಿರ ಬಂದಳು. ಡೆಟಾಲ್ ಹಚ್ಚುವಾಗ ಅವಳಿಗೆ ಉರಿದದ್ದು ಗಾಯ ಅಲ್ಲ ಎಂದು ನನಗೆ ಗೊತ್ತಾಗುತ್ತಿತ್ತು.

"ಮಿಸ್, ಸರ್‌ಗೆ ಬೇರೆ ಸ್ಕೂಲ್ ಸಿಕ್ಕಿದ್ಯಂತೆ. ಅದಕ್ಕೇ ನಮ್ಮನ್ನ ಕಂಡ್ರೆ ಆಗಲ್ಲ. ಹೌದಾ?"

"ಯಾರ್ ಹೇಳಿದ್ರು?"

"ಎಲ್ರೂ ಅಂತಿದಾರೆ. ಹೋಗ್ಲಿ ಬಿಡಿ ಮಿಸ್. ನಾವೇನ್ ಅವ್ರಿಲ್ದೆ ಆಡಲ್ವಾ?" ಎಂದು ಅವಳು ಮೂಗು ಒರೆಸಿಕೊಂಡಳು.

ಆ ಸಂಜೆ ಗೇಟಿನ ಹತ್ತಿರ ಹೋಗಿ ಜಗಳಕ್ಕೇ ನಿಂತೆ. "ಇದು ಸರಿ ಅಲ್ರಿ ಸರ್. ಕೂರಂಗಿಲ್ಲ ಅಂತ ರೂಲ್ ಐತಿ, ಮಾತಾಡ್ಸಂಗಿಲ್ಲ ಅಂತ ಇಲ್ಲ. ನಾನೇ ಹೋಗಿ ಎಲ್ಲ ಹೇಳ್ತೀನಿ ಅವ್ರಿಗೆ."

"ಏಳ್ಬೇಡಿ" ಎಂದರು. ಗಟ್ಟಿಯಾಗಿ ಅಲ್ಲ. "ಏಳಿದ್ರೆ ಪಾಪ ಅಂತಾರೆ. ಪಾಪ ಅಂದೋರು ತಿರುಗಿ ನೋಡೇ ನೋಡ್ತಾರೆ ಮೇಡಂ, ಮ್ಯಾಚಲ್ಲಿ ಅಷ್ಟು ಸಾಕು. ನಮ್ಮವ್ವ ನನ್ ತಮ್ಮಂಗೆ ಆಲು ಬಿಡಿಸ್ವಾಗ ಬೇವು ಅರ್ದು ಎದೆಗೆ ಅಚ್ಕೊಂಡಿದ್ಲು. ಮಗ ಅತ್ತು ಅತ್ತು ಒಂದಿನ ಸುಮ್ನಾದ. ಆಮೇಲೆ ಕೋಣೇಲಿ ಕೂತ್ಕೊಂಡು ಅಳ್ತಿದ್ದೋಳು ನಮ್ಮವ್ವ."

"ಮತ್ತ ನೀವು?"

"ನಾನೇನ್ ಮಗೂನಾ? ಸ್ಟೇಟ್ ಮಟ್ಟ ಮುಗೀಲಿ. ಆಮೇಲೆ ನೀವ್ ಏನಾದ್ರೂ ಏಳ್ಕೊಳ್ಳಿ."

ನನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ನನ್ನ ಗಂಡನೇ ಆಡಿಕೊಳ್ಳುತ್ತಾರೆ. ಆ ವಾರಗಳಲ್ಲಿ ಈ ಒಂದು ಮಾತನ್ನು ಹೇಗೆ ಹಿಡಿದಿಟ್ಟುಕೊಂಡೆನೋ ದೇವರೇ ಬಲ್ಲ. ಹುಡುಗಿಯರು ಸಿಟ್ಟಿನಲ್ಲಿ ಆಡತೊಡಗಿದರು, ಅದು ಮಾತ್ರ ನಿಜ. 'ಎದ್ಲು', 'ಕಂಬ' ಎನ್ನುವ ಕೂಗು ಅಂಗಳದಲ್ಲಿ ಗಟ್ಟಿಯಾಗುತ್ತ ಹೋಯಿತು. ಕೊನೆಯ ದಿನಗಳಲ್ಲಿ ಕುರ್ಚಿ ಕಾಂಪೌಂಡಿನ ಹೊರಗೆ ಹೋಯಿತು. ಅವರು ಗೋಡೆಯ ಆಚೆ ಮೊಪೆಡ್ ನಿಲ್ಲಿಸಿಕೊಂಡು ಬರೀ ಕೂಗು ಕೇಳುತ್ತ ಕೂರುತ್ತಿದ್ದರು. ಅವರು ಆಚೆ ಇದ್ದಾರೆ ಎನ್ನುವುದು ಹುಡುಗಿಯರಿಗೆ ಗೊತ್ತಿರಲಿಲ್ಲ. ಸರ್ ಬರುವುದನ್ನೇ ಬಿಟ್ಟರು ಎಂದುಕೊಂಡರು. ಒಂದೆರಡು ದಿನ ಕೇಳಿದರು, ಆಮೇಲೆ ಕೇಳುವುದನ್ನೂ ಬಿಟ್ಟರು.

ಜಿಲ್ಲಾ ಮಟ್ಟದ ಫೈನಲ್ ಆರ್.ಟಿ. ನಗರದ ಕಡೆ ಒಂದು ಮೈದಾನದಲ್ಲಿ. ಸುತ್ತ ಎತ್ತರದ ಗೋಡೆ, ಗೇಟಿನಲ್ಲಿ ಚೀಟಿ ನೋಡಿ ಒಳಗೆ ಬಿಡುತ್ತಿದ್ದರು. ಕೋಚ್ ಸರ್ ಬರುವುದಾಗಿ ನನಗೆ ಮಾತ್ರ ಹೇಳಿದ್ದರು, ಒಳಗೆ ಬರುವುದಿಲ್ಲ ಎಂದೂ ಹೇಳಿದ್ದರು. ನಮ್ಮ ಮಿನಿಬಸ್ ಒಳಗೆ ಹೋಗುವಾಗ ಗೋಡೆಯ ಮೂಲೆಯಲ್ಲಿ ಹೊಂಗೆ ಮರದ ಕೆಳಗೆ ಮೊಪೆಡ್ ಕಂಡಿತು. ಹುಡುಗಿಯರು ಆ ಕಡೆಯ ಕಿಟಕಿಯಲ್ಲಿ ಇರಲಿಲ್ಲ.

ಎದುರಿನದು ಬಲವಾದ ತಂಡ. ಮೊದಲು ನಾವು ಬೆನ್ನಟ್ಟಿದೆವು, ಆಮೇಲೆ ಓಡಿದೆವು. ಅರ್ಧ ಆಟಕ್ಕೆ ಒಂದು ಅಂಕ ಹಿಂದೆ. ನೀರು ಕುಡಿಯಲು ಬಂದವರಿಗೆ ನಾನು ಕಂಡದ್ದನ್ನು ಹೇಳಿದೆ: ಅವರ ಆರನೇ ಮನೆಯ ಹುಡುಗಿ ಏಳುವ ಮುಂಚೆ ಎಡಗೈ ನೆಲಕ್ಕೆ ಒತ್ತುತ್ತಾಳೆ, ಅದನ್ನು ನೋಡಿಕೊಳ್ಳಿ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಎರಡನೇ ಸಲ ಬೆನ್ನಟ್ಟುವಾಗ ನಮ್ಮವರು ಚುರುಕಾದರು, ಕ್ಯಾಪ್ಟನ್ ಹುಡುಗಿ ಕಂಬ ಹಿಡಿದು ಹಾರಿ ಒಬ್ಬಳನ್ನು ಮುಟ್ಟಿದಳು. ಕೊನೆಯ ಸರದಿ ನಮ್ಮದು ಓಟ. ಉಳಿದುಕೊಂಡರೆ ಗೆಲುವು.

ಆ ಸರದಿಯಲ್ಲಿ ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಕೈ ಹೊರಗಿದ್ದರೆ ತಟ್ಟಿಬಿಡುತ್ತೇನೆ ಎನ್ನುವ ಹೆದರಿಕೆ. ಮೊದಲ ಬ್ಯಾಚ್ ಬೇಗ ಮುರಿಯಿತು. ಎರಡನೆಯದು ಬಹಳ ಹೊತ್ತು ನಿಂತಿತು. ಕೊನೆಗೆ ಕ್ಯಾಪ್ಟನ್ ಹುಡುಗಿಯ ಬ್ಯಾಚ್ ಇಳಿಯಿತು. ಇಬ್ಬರು ಔಟಾದರು, ಅವಳೊಬ್ಬಳೇ ಉಳಿದಳು. ಇನ್ನು 'ಎದ್ಲು' ಎಂದು ಹೇಳಲು ಅಂಗಳದಲ್ಲಿ ಯಾರೂ ಇಲ್ಲ. ಇಂಥ ಹೊತ್ತಿನಲ್ಲೇ ತಾಲ್ಲೂಕು ಪಂದ್ಯದಲ್ಲಿ ಅವಳ ಕತ್ತು ತಿರುಗಿತ್ತು. ಈಗ ಅವಳು ಯಾರ ಕಡೆಯೂ ನೋಡಲಿಲ್ಲ, ನನ್ನ ಕಡೆಯೂ. ಕಂಬಕ್ಕೆ ಹೋಗಿ ರಿಂಗ್ ಹಿಡಿದಳು, ಬಿಟ್ಟಳು, ಚೈನಿಗೆ ಇಳಿದಳು, ಆರನೆಯವಳ ಎಡಗೈ ನೆಲಕ್ಕೆ ಹೋದ ಗಳಿಗೆಗೆ ಸರಕ್ಕನೆ ಹಿಂದೆ ತಿರುಗಿ ಮತ್ತೆ ಕಂಬಕ್ಕೆ. ಸೀಟಿ ಬಿತ್ತು.

ಹುಡುಗಿಯರು ಕಿರುಚುತ್ತ ಬಂದು ನನ್ನ ಮೇಲೆ ಬಿದ್ದರು. "ಮಿಸ್! ಮಿಸ್!" ಎಂದು ನನ್ನನ್ನು ಎತ್ತಲು ಹೋಗಿ ಎಲ್ಲರೂ ಸೇರಿ ನೆಲಕ್ಕೆ ಉರುಳಿದೆವು. ನನಗೆ ಸಂತೋಷಕ್ಕೆ ಅಳು ಬಂತು. ಅಳುತ್ತಲೇ ಇದ್ದಾಗ ಅದು ಸಂತೋಷದ್ದಾಗಿ ಉಳಿಯಲಿಲ್ಲ.

ಅವರನ್ನು ಸಾಲಿನಲ್ಲಿ ನಿಲ್ಲಿಸಿ, ಫೋಟೋಗೆ ಮುಂಚೆ ಒಂದು ನಿಮಿಷ ಬರುತ್ತೇನೆ ಎಂದು ಗೇಟಿನ ಹೊರಗೆ ಹೋದೆ. ಕೋಚ್ ಸರ್ ಮೊಪೆಡ್ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದರು. ಕೂಗು ಕೇಳಿಯೇ ಗೆದ್ದದ್ದು ಗೊತ್ತಾಗಿತ್ತು. ಆದರೂ ವರದಿ ಬೇಕಿತ್ತು. ಬ್ಯಾಚ್ ಬ್ಯಾಚಾಗಿ ಹೇಳಿದೆ. ಆರನೆಯವಳ ಎಡಗೈ ಹೇಳಿದಾಗ, "ಅದನ್ನ ನೀವು ನೋಡಿದ್ರಾ?" ಎಂದು ಕೇಳಿ, "ಬಲೇ ಮೇಡಂ" ಎಂದರು. ಕೊನೆಯ ಓಟವನ್ನು ಎರಡು ಸಲ ಹೇಳಿಸಿಕೊಂಡರು.

ಆಮೇಲೆ ಕೇಳಿದರು. "ಆಡ್ವಾಗ ಯಾರಾದ್ರೂ ಆಚೆ ತಿರುಗಿ ನೋಡಿದ್ರಾ? ನನ್ನ ಉಡುಕ್ಕೊಂಡು?"

"ಇಲ್ಲ ಸರ್. ಯಾರೂ ನೋಡಲಿಲ್ಲ."

"ಒಳ್ಳೇದಾಯ್ತು. ಅದೇ ಬೇಕಾಗಿದ್ದು." ಹೆಲ್ಮೆಟ್ ಹಾಕಿಕೊಂಡು ಪಟ್ಟಿ ಬಿಗಿದರು. ಕಿಕ್ ಹೊಡೆದರು. ಗಾಡಿ ಶುರುವಾಯಿತು. ಹೊರಡಲಿಲ್ಲ. ಆಫ್ ಮಾಡಿ, ನನ್ನ ಮುಖ ನೋಡದೆ, ಹ್ಯಾಂಡಲ್ ನೋಡುತ್ತ ಕೇಳಿದರು.

"ಗೆದ್ಮೇಲೂ ನೋಡ್ಲಿಲ್ವಾ? ಒಬ್ಳೂನಾ?"

ಸುಳ್ಳು ಹೇಳುವುದು ನನಗೆ ಕಷ್ಟವೇನಲ್ಲ. ಕ್ಯಾಪ್ಟನ್ ಒಂದ್ಸಲ ನೋಡಿದ್ಲು ಸರ್ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅಷ್ಟು ವಾರ ಅವರು ನನ್ನಿಂದ ಕೇಳಿ ಕೇಳಿ ಕಲಿಸಿದ್ದು ಕಂಡದ್ದನ್ನು ಕಂಡ ಹಾಗೆ ಹೇಳುವುದನ್ನೇ.

"ಒಬ್ಳೂ ಇಲ್ಲ ಸರ್" ಎಂದೆ.

ಅವರು ತಲೆಯಾಡಿಸಿದರು. ಗೋಡೆಯ ಆಚೆಯಿಂದ ಹುಡುಗಿಯರು ಫೋಟೋಗೆ ಬರುವಂತೆ ನನ್ನನ್ನು ಕೂಗುತ್ತಿದ್ದರು. "ಓಗಿ ಮೇಡಂ, ಕೋಚ್ ಇಲ್ದೆ ಫೋಟೋ ತೆಗೀಬಾರ್ದು" ಎಂದರು.